ಹಳದಿ ಹುಂಜದ ಆದಿತ್ಯವಾರ

ಪ್ರಫುಲ್ಲಾಳನ್ನು ಒಂದು ಕಡೆ ಕೂರಿಸುವುದು ಹೆತ್ತವರಿಂದಲೂ ಆಗಲಿಲ್ಲ, ರೈಲ್ವೆಯವರಿಂದಲೂ ಆಗಲಿಲ್ಲ. ಡೊಂಬಿವಲಿಯಿಂದಲೇ ಹೊರಡುವ ಲೋಕಲ್ಲಿನ ಹೆಂಗಸರ ಡಬ್ಬಿಯಲ್ಲಿ ಕಿಟಕಿ ಸೀಟು ಸಿಕ್ಕರೂ ದಿವಾ ಸ್ಟೇಷನ್ ಬರುವಷ್ಟರಲ್ಲಿ ಎದ್ದು ಬಾಗಿಲಿಗೆ ಬಂದುಬಿಡುತ್ತಿದ್ದಳು. ಆ ಸೀಟಿಗಾಗಿ ಜನ ಗಾಡಿ ನಿಲ್ಲುವ ಮೊದಲೇ ಹಾರಿ ಮೊಣಕಾಲು ತರಚಿಸಿಕೊಳ್ಳುತ್ತಾರೆ. ಈ ಮಹಾರಾಯ್ತಿಗೆ ಅದು ಮುಳ್ಳಿನ ಹಾಸಿಗೆ! ಮೂವತ್ತು ದಾಟಿದ ಹೆಂಗಸು, ಐರೋಲಿಯ ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ, ಅದಕ್ಕೂ ಮೊದಲು ಎಷ್ಟು ಆಫೀಸು ಬಿಟ್ಟಳೆಂದು ಅವಳನ್ನೇ ಕೇಳಿದರೆ ಬೆರಳು ಮಡಚಿ ನಡುವೆ ಮರೆಯುತ್ತಿದ್ದಳು. ಬಿ.ಕಾಂ. ಕೊನೆಯ ವರ್ಷಕ್ಕೆ ಬಿಟ್ಟಿದ್ದಳು. ಹೊಲಿಗೆ ಕ್ಲಾಸು ತೋಳಿನವರೆಗೆ ಬಂದು ನಿಂತಿತ್ತು. ಒಂದು ಮದುವೆಯೂ ನಿಶ್ಚಯದವರೆಗೆ ಹೋಗಿತ್ತು. ಹುಡುಗ ಒಳ್ಳೆಯವನೇ. "ಅವ ಮೂರು ಸಲ ಸಿಕ್ಕಿದಾಗ್ಲೂ ಒಂದೇ ಜೋಕ್ ಹೇಳಿದ" ಎಂದು ಇವಳೇ ಬೇಡವೆಂದಳು.

ತಪ್ಪು ಅವಳೊಬ್ಬಳದಲ್ಲ, ಬೆಳೆದ ಜಾಗದ್ದೂ ಇದೆ. ಅಪ್ಪ ರಮಾಕಾಂತ ಉಡುಪಿ ಕಡೆಯಿಂದ ಬಂದು ಠಾಣೆಯ ಕೋಪರಿಯಲ್ಲಿ, ಸ್ಟೇಷನ್ ಬಗಲಿನ ಒಂದು ಪರ್ಮಿಟ್ ರೂಮಿನ ಗಲ್ಲೆಯ ಮೇಲೆ ದುಡ್ಡೆಣಿಸುತ್ತ ಕೂತವರು. ಪರ್ಮಿಟ್ ರೂಮ್ ಎಂದರೆ ಬಾರು. ಊರಿನವರ ಬಾಯಲ್ಲಿ ಗಡಂಗು. ಮಧ್ಯಾಹ್ನ ಗಿರಾಕಿ ಕಡಿಮೆ ಇರುವಾಗ ಪ್ರಫುಲ್ಲಾ ಗಲ್ಲೆಯ ಪಕ್ಕ ಸ್ಟೂಲು ಹಾಕಿ ಹೋಮ್‌ವರ್ಕ್ ಮಾಡುವುದು. ಮಾಡಿದ್ದು ಎಷ್ಟೋ ದೇವರಿಗೇ ಗೊತ್ತು, ಕಣ್ಣೆಲ್ಲ ಟೇಬಲ್ಲುಗಳ ಮೇಲೆ. ಕುಡಿಯಲು ಕೂತವರು ಸುಮ್ಮನೆ ಕುಡಿಯುವುದಿಲ್ಲ. ಮುಷ್ಟಿಯೊಳಗಿನ ಬೆಂಕಿಕಡ್ಡಿ ಸಮವೋ ಬೆಸವೋ, ಮೊದಲು ಯಾರ ಮೊಟ್ಟೆಯ ಸಿಪ್ಪೆ ಒಂದೇ ತುಂಡಾಗಿ ಬರುತ್ತದೆ, ಬಾಗಿಲಿನಿಂದ ಮುಂದೆ ಬರುವವನಿಗೆ ಮೀಸೆ ಇದೆಯೋ ಇಲ್ಲವೋ. ಎಲ್ಲದಕ್ಕೂ ಆಟ, ಎಲ್ಲದಕ್ಕೂ ಜಗಳ. ಹುಡುಗಿ ಅದನ್ನೆಲ್ಲ ನೋಡಿ ನೋಡಿ ತಲೆಯಲ್ಲಿ ತುಂಬಿಕೊಂಡಳು.

ಆ ತಲೆಗೆ ಕೆಲಸ ಸಿಕ್ಕಿದ್ದು ಬಹಳ ತಡವಾಗಿ, ಎರಡು ಸಾವಿರದ ಹನ್ನೆರಡರಲ್ಲಿ. ನವಿ ಮುಂಬಯಿಯ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಊಟದ ಸಾಲಿನಲ್ಲಿ ಮುಂದೆ ನಿಂತಿದ್ದ ಸುಮುಖನ ಪರಿಚಯವಾಯಿತು. ಮೈಸೂರಿನವನು, ಯಾವುದೋ ಫೈನಾನ್ಸ್ ಕಂಪನಿಯಲ್ಲಿ ದೊಡ್ಡ ಕೆಲಸ, ಸಾನಪಾಡಾದಲ್ಲಿ ಫ್ಲಾಟು. ಆದಿತ್ಯವಾರ ಬಂತೆಂದರೆ ಆ ಫ್ಲಾಟಿನಲ್ಲಿ ನಾಲ್ಕೈದು ಜನ ಗೆಳೆಯರು ಸೇರಿ ಒಂದು ಬಗೆಯ ಕಥೆಯಾಟ ಆಡುತ್ತಿದ್ದರು. ಒಬ್ಬ ಕಥೆ ನಡೆಸುತ್ತಾನೆ, ಅವನು ಸುಮುಖ. ಉಳಿದವರು ಅದರೊಳಗಿನ ಪಾತ್ರಗಳು: ಒಬ್ಬ ಮಂತ್ರವಾದಿ, ಒಬ್ಬಳು ಕಳ್ಳಿ, ಒಬ್ಬ ಕೊಡಲಿ ಹಿಡಿದ ಕುಳ್ಳ. ಕೋಟೆ, ಕಾಡು, ಡ್ರ್ಯಾಗನ್ನು. ಏಟು ಬಿತ್ತೋ ತಪ್ಪಿತೋ ಎಂದು ತಿಳಿಯಲು ದಾಳ ಉರುಳಿಸುತ್ತಾರೆ. ಒಂದೊಂದು ಕಥೆ ವರ್ಷಗಟ್ಟಲೆ ನಡೆಯುತ್ತದೆ.

ಮೊದಲ ದಿನ ಹೋದಾಗ ಇವರ ಪಾತ್ರಗಳೆಲ್ಲ ಒಂದು ಗಡಂಗಿಗೆ ಹೊಕ್ಕಿದ್ದವು. "ಒಳಗೆ ಬೆಂಕಿ ಉರೀತಿದೆ, ಜನ ಕುಡೀತಾ ಕೂತಿದ್ದಾರೆ" ಎಂದ ಸುಮುಖ.

"ಮತ್ತೆ?" ಎಂದಳು ಪ್ರಫುಲ್ಲಾ.

"ಮತ್ತೇನಿಲ್ಲ. ಕೂತಿದ್ದಾರೆ."

"ಅರೇ, ಸುಮ್ಮನೆ ಹೇಗೆ ಕೂರ್ತಾರೆ? ಸ್ಮಶಾನವಾ ಇದು?" ಎಂದವಳು ಅಡುಗೆಮನೆಗೆ ಹೋಗಿ ಮೂರು ಲೋಟ ಮತ್ತು ಒಂದು ಹಿಡಿ ಕಡಲೆಬೀಜ ತಂದು, ಅಲ್ಲೇ ಒಂದು ಆಟ ಹುಟ್ಟಿಸಿಬಿಟ್ಟಳು. ಡ್ರ್ಯಾಗನ್ನು ಗುಹೆಯಲ್ಲಿ ಕಾಯುತ್ತ ಕೂತಿತು, ಇವರು ಕತ್ತಲಾಗುವವರೆಗೆ ಲೋಟ ಮಗುಚುತ್ತ ಕಿರುಚಾಡಿದರು.

ಅಲ್ಲಿಂದ ಅವಳಿಗೆ ಬೇರೆ ಪಾತ್ರವೇ ಬೇಕಾಗಲಿಲ್ಲ, ಆ ಕಥೆಯ ಗಡಂಗುಗಳಿಗೆಲ್ಲ ಅವಳೇ ಒಡತಿ. ವಾರಕ್ಕೊಂದು ಹೊಸ ಆಟ. ಕುಳ್ಳರ ಗಡಂಗಿಗೆ ಗಡ್ಡ ಎಳೆಯುವ ಆಟ, ಕಡಲುಗಳ್ಳರ ಗಡಂಗಿಗೆ ಸುಳ್ಳು ಹೇಳಿ ಲೋಟ ದಾಟಿಸುವ ಆಟ. ಆದರೆ ಇವಳ ಚಾಳಿ ಬಿಡಬೇಕಲ್ಲ! ಆಟ ಅರ್ಧಕ್ಕೆ ಬಂದಾಗ, ಎಲ್ಲರೂ ಮೈಮರೆತಿರುವಾಗ, "ಬಸ್, ಈಗ ರೂಲ್ ಬೇರೆ" ಎಂದು ಬಿಡುತ್ತಿದ್ದಳು. ಕೊಡಲಿಯ ಕುಳ್ಳನಾಗಿ ಆಡುವ ಸುಪ್ರೀತ್ ಕೈಮುಗಿಯುತ್ತಿದ್ದ. "ಹೋದ ವಾರದ್ದೇ ಆಡೋಣ ಪ್ಲೀಸ್. ಅದು ಸಖತ್ತಾಗಿತ್ತು." "ಅದಾ? ಅದು ಹಳೇದಾಯ್ತು" ಎನ್ನುತ್ತಿದ್ದಳು. ಹೋದ ವಾರದ್ದು ಅವಳಿಗೇ ನೆನಪಿರುತ್ತಿರಲಿಲ್ಲ ಎನ್ನುವುದು ನಿಜ ಸಂಗತಿ.

ಮರುವರ್ಷದ ಮಳೆ ಕಳೆದ ಮೇಲೆ ಒಂದು ದಿನ ಸುಮುಖ ಅವಳನ್ನು ಕೂರಿಸಿ (ಅಂದರೆ ಅವನು ಕೂತ, ಅವಳು ಫ್ರಿಜ್ಜಿಗೆ ಒರಗಿ ನಿಂತಳು) ವಿಷಯ ಹೇಳಿದ. ಬೆಂಗಳೂರಿನ ಸ್ಪಂದನಾ ಎಂಬವಳು ಇಂಥ ಕಥೆಯಾಟಗಳಿಗೆ ಸಣ್ಣ ಸಣ್ಣ ಪುಸ್ತಕ ಅಚ್ಚು ಹಾಕಿಸುತ್ತಾಳೆ. ವಾಶಿಯಲ್ಲಿ ಅವಳ ಅಕ್ಕನ ಮನೆ. ದಸರೆ ಮುಗಿಸಿ ಬರುವವಳಿದ್ದಾಳೆ.

"ಗಡಂಗಿನ ಆಟಗಳ ಪುಸ್ತಕ ಅಂದೆ, ಅವರಿಗೆ ತುಂಬ ಇಷ್ಟ ಆಯ್ತು ಕಣ್ರೀ. ನಿಮ್ಮ ಹೆಸರಲ್ಲೇ. ಆದ್ರೆ ಒಂದಾದ್ರೂ ಆಟ ಪೂರ್ತಿಯಾಗಿರ್ಬೇಕು. ಅವರ ಮುಂದೆ ಆಡಿ ತೋರಿಸ್ಬೇಕು. ನಡುವೆ ರೂಲ್ ಬದಲಿಸೋ ಹಾಗಿಲ್ಲ."

ಪ್ರಫುಲ್ಲಾ ನಕ್ಕಳು. ಆದರೆ ಸಾನಪಾಡಾ ಸ್ಟೇಷನ್ನಿನವರೆಗೆ ನಡೆಯುವಾಗ ತನ್ನ ಹೆಸರನ್ನು ತಾನೇ ಎರಡು ಸಲ ಹೇಳಿ ನೋಡಿದಳು. ಪ್ರಫುಲ್ಲಾ ಎಂಬ ಹೆಸರು ಇಲ್ಲಿಯವರೆಗೆ ಬಿದ್ದದ್ದು ರೇಷನ್ ಕಾರ್ಡಿನಲ್ಲಿ, ರೈಲ್ವೆ ಪಾಸಿನಲ್ಲಿ. ಪುಸ್ತಕದ ಮೇಲೆ! ಆಸೆ ಎಂದರೆ ಏನೆಂದು ಅವಳಿಗೆ ಆವತ್ತು ಗೊತ್ತಾಯಿತು. ಅದರ ಬೆನ್ನಿಗೇ ಹೆದರಿಕೆ, ತನ್ನ ಕೈಯಿಂದ ಪೂರ್ತಿಯಾದ ವಸ್ತು ಈ ಭೂಮಿಯ ಮೇಲೆ ಒಂದೂ ಇಲ್ಲವಲ್ಲ ಎಂದು.

ಮನೆಯಲ್ಲಿ ಅಪ್ಪ ಟಿ.ವಿ. ಮುಂದೆ ಕೂತಿದ್ದರು. ಕೆಲಸ ಬಿಟ್ಟ ಮೇಲೆ ಅವರಿಗೆ ಟಿ.ವಿ.ಯೇ ಗಲ್ಲೆ. ಮಗಳು ಹಾಲಿನಲ್ಲಿ ಆಚೆ ಈಚೆ ತಿರುಗುವುದನ್ನು ನೋಡಿ ತಲೆ ಕೆಟ್ಟಿತು.

"ಎಂತ ಮಾರಾಯ್ತಿ, ತಲೆ ತಿರುಗ್ತದೆ ನನಗೆ. ಒಂದು ಕಡೆ ನಿಲ್ಲು."

"ಗಡಂಗಿನಲ್ಲಿ ಆಡುವ ಆಟ ಬೇಕು ಪಪ್ಪಾ. ಯಾರೂ ನೋಡದೇ ಇದ್ದದ್ದು."

"ಅದಕ್ಕೆಂತ ಇಷ್ಟು? ಕೋಳಿ ಅಂಕ ಉಂಟಲ್ಲ" ಎಂದು ಅವರು ಟಿ.ವಿ.ಯ ಸದ್ದು ಇಳಿಸಿದರು. ಅಂಕ ಎಂದರೆ ಹುಂಜಗಳ ಕಾಳಗ. ಊರಿಗೆ ಹೋದಾಗಲೆಲ್ಲ ಹೆಂಡತಿಗೆ ಹೇಳದೆ ನೋಡಿಬರುತ್ತಿದ್ದ ಮನುಷ್ಯ. "ಅಲ್ಲಿ ಕೋಳಿಯ ಜೋರು ಮಾತ್ರ ಸಾಲ್ದು. ವಾರ ನೋಡ್ಬೇಕು. ಇಂಥ ವಾರ ಇಂಥ ಬಣ್ಣದ ಕೋಳಿಗೆ ಗೆಲುವು ಅಂತ ಲೆಕ್ಕ ಉಂಟು. ಸೋಮವಾರ ಗೆದ್ದ ಕೋಳಿ ಮಂಗಳವಾರ ಸಾಯ್ತದೆ."

ಪ್ರಫುಲ್ಲಾ ನಿಂತಲ್ಲೇ ನಿಂತಳು. ಹೌದು, ನಿಂತಳು.

ಯಾವ ವಾರಕ್ಕೆ ಯಾವ ಬಣ್ಣ ಎಂದು ಅಪ್ಪ ಹೇಳಿದ್ದರಲ್ಲಿ ಅರ್ಧ ಅವರಿಗೇ ಮರೆತಿತ್ತು. ಇವಳು ತನ್ನದೇ ಲೆಕ್ಕ ಕಟ್ಟಿದಳು. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಇಸ್ಪೀಟಿನಂಥ ಎಲೆ ಮಾಡಿ, ಒಂದೊಂದರ ಮೇಲೆ ಒಂದು ಬಣ್ಣದ ಹುಂಜ, ಪಕ್ಕದಲ್ಲಿ ಅದರ ಬಲದ ಅಂಕಿ ಬರೆದಳು. ಇಬ್ಬರು ಒಂದೊಂದು ಎಲೆ ಮಗುಚಿ ಇಟ್ಟು ಒಟ್ಟಿಗೇ ತಿರುಗಿಸಬೇಕು. ಹೆಚ್ಚು ಬಲದ ಹುಂಜ ಕಡಿಮೆ ಬಲದ್ದನ್ನು ಗೆದ್ದು ಒಯ್ಯುತ್ತದೆ. ಆದರೆ ಆ ದಿನದ ಹುಂಜ ಎಂಥ ಬಲಶಾಲಿಯನ್ನೂ ಹೊಡೆಯುತ್ತದೆ: ಸೋಮವಾರ ಕರಿಯದು, ಮಂಗಳವಾರ ಕೆಂಪು, ಬುಧವಾರ ಬಿಳಿ, ಗುರುವಾರ ಬೂದಿ, ಶುಕ್ರವಾರ ಚುಕ್ಕಿಯದು, ಶನಿವಾರ ಆದಿತ್ಯವಾರ ಹಳದಿ. ಇಬ್ಬರೂ ದಿನದ ಹುಂಜವನ್ನೇ ಇಟ್ಟರೆ ಎರಡೂ ಸತ್ತಂತೆ, ಆಟದಿಂದ ಹೊರಗೆ.

ಈ ಸಲ ಮಾತ್ರ ಪರೀಕ್ಷೆ ಮಾಡದೆ ಸಾನಪಾಡಾಕ್ಕೆ ಒಯ್ಯುವುದಿಲ್ಲ ಎಂದು ಹಟ ಹಿಡಿದಳು. ಅಲ್ಲಿನವರಿಗೆ ತೋರಿಸಿದರೆ ಹೊಸತನ ಹೋಗುತ್ತದೆ. ಪರೀಕ್ಷೆಗೆ ಸಿಕ್ಕವರು ಲೋಕಲ್ಲಿನ ಹೆಂಗಸರು. ದಿನಾ ಒಂದೇ ಗಾಡಿ, ಒಂದೇ ಡಬ್ಬಿ, ಎದುರುಬದುರು ಬೆಂಚು. ಧಾರವಾಡ ಕಡೆಯ ಶ್ರೀಮತಿ ಎಂಬವಳು, ಮುಲುಂಡಿನ ಶಾಲೆಯೊಂದರಲ್ಲಿ ಕ್ಲಾರ್ಕು. ಮೈಸೂರಿನ ಅಲಮೇಲು, ದಾದರಿನ ಬ್ಯಾಂಕು. ಇಬ್ಬರಿಗೂ ಹಿರಿಯವರು ಶಿಂದೆ ಕಾಕೂ, ಅಂದರೆ ಚಿಕ್ಕಮ್ಮ, ಮರಾಠಿಯವರು, ಕನ್ನಡ ಅರ್ಥವಾಗುತ್ತದೆ ಆದರೆ ಬಾಯಿಗೆ ಬರುವುದಿಲ್ಲ. ಡ್ರ್ಯಾಗನ್ನು ಗಿಗನ್ನು ಎಂದರೆ ಯಾರೂ ತಲೆ ಎತ್ತುತ್ತಿರಲಿಲ್ಲ. "ಹುಂಜದ ಆಟ, ಸೋತವಳು ನಾಲ್ಕನೇ ಸೀಟಿಗೆ" ಎಂದಳು. ನೋಡಿ, ಕೂಡಲೇ ಕಾಯಿಪಲ್ಯ ಸೋಸುವುದು ನಿಂತಿತು. ಮೂವರ ಬೆಂಚಿನ ತುದಿಯಲ್ಲಿ ಅರ್ಧ ಕುಂಡೆ ಊರಿ ಇನ್ನರ್ಧ ಗಾಳಿಯಲ್ಲಿ ಬಿಟ್ಟು ಕೂರುವ ಜಾಗಕ್ಕೆ ನಾಲ್ಕನೇ ಸೀಟೆಂದು ಹೆಸರು. ಅದನ್ನು ತಪ್ಪಿಸಿಕೊಳ್ಳಲು ಮುಂಬಯಿಯ ಹೆಂಗಸರು ಏನು ಬೇಕಾದರೂ ಮಾಡುತ್ತಾರೆ.

ಠಾಣೆ ಬಂದರೆ ಪ್ರಫುಲ್ಲಾ ಇಳಿಯಬೇಕು, ಆಟ ಅಷ್ಟರಲ್ಲಿ ಮುಗಿಯುವುದಿಲ್ಲ. ಹಾಗಾಗಿ ಉಳಿದ ಎಲೆಗಳನ್ನು ಅವರವರ ಪರ್ಸಿನಲ್ಲೇ ಇಟ್ಟುಕೊಂಡು ಮರುದಿನ ತರುವುದೆಂದಾಯಿತು. ಅಲ್ಲಿ ಆಟಕ್ಕೆ ಜೀವ ಬಂತು. ಮಂಗಳವಾರ ಸೋಲುತ್ತಿದ್ದರೂ ಶ್ರೀಮತಿ ಬಿಳಿಯದನ್ನು ಇಳಿಸುತ್ತಿರಲಿಲ್ಲ, ನಾಳೆ ಅದರ ದಿನ. ಅಲಮೇಲುವಿನ ಹತ್ತಿರ ಚುಕ್ಕಿಯದು ಇದೆಯೆಂದು ಗುಮಾನಿ, ಶುಕ್ರವಾರದವರೆಗೆ ಎಲ್ಲರಿಗೂ ಅದೇ ಚಿಂತೆ. ಹಳದಿ ಮಾತ್ರ ಯಾರಿಗೂ ಬೇಡ. ಶನಿವಾರ ಅರ್ಧ ಜನಕ್ಕೆ ರಜೆ, ಗುಂಪು ಸೇರುತ್ತಿರಲಿಲ್ಲ. ಹಳದಿಯ ದಿನ ಬರುತ್ತಲೇ ಇರಲಿಲ್ಲ. ಅದು ಕೈಗೆ ಬಂದವಳ ಮುಖ ನೋಡಿ ಉಳಿದವರು ನಗುತ್ತಿದ್ದರು. ಪ್ರಫುಲ್ಲಾ ಆಡದೆ ಬಾಗಿಲ ಬಳಿ ನಿಂತು ಪಂಚಾಯಿತಿ ಮಾಡುತ್ತಿದ್ದಳು. ಒಂದು ವಾರ, ಎರಡು ವಾರ, ತಿಂಗಳು. ಬದಲಿಸಲು ಏನೂ ತೋಚಲಿಲ್ಲ. ತನ್ನ ಭಾಗ್ಯವನ್ನು ತಾನೇ ನಂಬಲಾಗಲಿಲ್ಲ ಅವಳಿಗೆ.

ಸ್ಪಂದನಾ ಬರುವ ಆದಿತ್ಯವಾರ ದಪ್ಪ ಕಾಗದದ ಮೇಲೆ ಹೊಸದಾಗಿ ಬರೆದ ಎಲೆಗಳನ್ನು ತೆಗೆದುಕೊಂಡು ಹೊರಟಳು. ರಿಪೇರಿಗೆಂದು ಸ್ಲೋ ಲೈನು ಬಂದ್, ಗಾಡಿಯಲ್ಲಿ ಉಸಿರಾಡಲು ಜಾಗವಿಲ್ಲ, ಆದರೂ ಎಲೆಗಳ ಡಬ್ಬಿಯನ್ನು ಮಗುವಿನಂತೆ ಎದೆಗೊತ್ತಿಕೊಂಡು ತಂದಳು.

ಸ್ಪಂದನಾ ಚಿಕ್ಕ ವಯಸ್ಸಿನವಳು, ಮಾತು ಕಡಿಮೆ, ಕಿವಿಗೊಟ್ಟು ಕೇಳುವವಳು. ಸುಮುಖ ಗಡಂಗಿನ ವರ್ಣನೆ ಮಾಡಿದ, ಪ್ರಫುಲ್ಲಾ ಎಲೆ ಹಂಚಿದಳು, ನಿಯಮ ಹೇಳಿದಳು. ಆಟ ಶುರುವಾಯಿತು. ಸುಪ್ರೀತ್ ಹಳದಿ ಇಟ್ಟ, ಗೆದ್ದ. ಇನ್ನೊಂದು ಹಳದಿ ಇಟ್ಟ, ಗೆದ್ದ. ಗೆದ್ದ ಹಳದಿಯನ್ನೇ ಮತ್ತೆ ಇಟ್ಟ, ಮತ್ತೆ ಗೆದ್ದ. ಚಹಾ ಆರುವ ಮೊದಲೇ ಎಲ್ಲರ ಎಲೆ ಅವನ ಮುಂದೆ.

"ಇನ್ನೊಂದ್ಸಲ" ಎಂದಳು ಪ್ರಫುಲ್ಲಾ. ಇನ್ನೊಂದು ಸಲ ಹಳದಿ ಸುಮುಖನಿಗೆ ಬಂತು, ಅವನು ಗೆದ್ದ.

"ಹಳದಿ ಬಂದವರು ಗೆಲ್ತಾರೆ, ಅಷ್ಟೇ ಅಲ್ವಾ?" ಎಂದಳು ಸ್ಪಂದನಾ. ಕುಹಕವಿಲ್ಲ, ಅರ್ಥಮಾಡಿಕೊಳ್ಳಲು ಕೇಳಿದ್ದು.

"ಅಲ್ಲ, ಇವತ್ತು ಹಳದಿ. ನಾಳೆ ಕರೀದು ಬರ್ತದಲ್ಲ, ಅದಕ್ಕೆ ಕರೀದನ್ನು ಇವತ್ತು ಉಳಿಸಿ..."

"ನಾಳೆ ನಾವು ಇಲ್ಲಿ ಇರಲ್ವಲ್ಲ?"

ಅಯ್ಯೋ ನನ್ನ ಕರ್ಮವೇ! ಅವಳಿಗೆ ಆಗ ಹೊಳೆಯಿತು. ಈ ಜನ ಸೇರುವುದೇ ಆದಿತ್ಯವಾರ. ಈ ವಾರವೂ ಹಳದಿ, ಬರುವ ವಾರವೂ ಹಳದಿ. ತಿಂಗಳಿಡೀ ಕೆಲಸದ ದಿನಗಳಲ್ಲೇ ಆಡಿಸಿ ನೋಡಿದ ಹೆಂಗಸಿಗೆ ವಾರದಲ್ಲಿ ಒಂದು ಆದಿತ್ಯವಾರವೂ ಇದೆಯೆಂಬುದು ಮರೆತಿತ್ತು! ಸಾಲದ್ದಕ್ಕೆ, ಸೋತವರನ್ನು ಕಳಿಸೋಣವೆಂದರೆ ಸುಮುಖನ ಸೋಫಾದಲ್ಲಿ ನಾಲ್ಕನೇ ಸೀಟೂ ಇಲ್ಲ.

"ಸುತ್ತಿಗೊಂದು ಸಲ ದಾಳ ಹಾಕಿ ವಾರ ಬದಲಿಸೋಣ್ವಾ?" ಎಂದು ಸುಮುಖ ಮರ್ಯಾದೆ ಉಳಿಸಲು ನೋಡಿದ. ಹಾಕಿದರು. ಮುಂದೆ ಯಾವ ವಾರ ಬರುತ್ತದೆಂದೇ ಗೊತ್ತಿಲ್ಲದ ಮೇಲೆ ಯಾವ ಹುಂಜವನ್ನು ಯಾಕೆ ಉಳಿಸಬೇಕು? ಆಟ ಲಾಟರಿಯಾಯಿತು. ಪ್ರಫುಲ್ಲಾ ನಿಯಮ ಬದಲಿಸಿದಳು. ಮತ್ತೆ ಬದಲಿಸಿದಳು. ಎದ್ದು ನಿಂತು, ಕೂತು, ಎಲೆ ಹಿಂದಕ್ಕೆ ಕಿತ್ತುಕೊಂಡು, ಬೆವರುತ್ತ, "ಇಲ್ಲ ಇಲ್ಲ, ಹೀಗೆ" ಎನ್ನುತ್ತ ಎಲ್ಲರನ್ನೂ ಸುಸ್ತು ಮಾಡಿದಳು.

"ಆಟ ಪೂರ್ತಿ ಆದ್ಮೇಲೆ ತೋರಿಸಿ" ಎಂದಳು ಸ್ಪಂದನಾ ಮೃದುವಾಗಿ. "ನಾನು ನಾಳೆ ಸಂಜೆವರೆಗೂ ವಾಶೀಲಿರ್ತೀನಿ." ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಸೋಮವಾರ ಬೆಳಿಗ್ಗೆ ಕಣ್ಣು ಕೆಂಪಗೆ ಮಾಡಿಕೊಂಡು ಗಾಡಿ ಹತ್ತಿದವಳ ಕೈಯಲ್ಲಿ ರಟ್ಟಿನ ಒಂದು ಚಕ್ರವಿತ್ತು. ತಿರುಗಿಸಿದರೆ ಮುಳ್ಳು ಯಾವುದಾದರೊಂದು ವಾರದ ಮೇಲೆ ನಿಲ್ಲುತ್ತದೆ, ಮುಂದಿನ ಎರಡು ಸುತ್ತಿಗೆ ಯಾವ ವಾರವೆಂದೂ ತೋರಿಸುತ್ತದೆ. ಇದನ್ನು ಈಗ ಗಾಡಿಯಲ್ಲಿ ಆಡಿಸಿ ನೋಡಿ, ಸಂಜೆ ವಾಶಿಗೆ ಓಡುವುದು. ಬೆಂಚಿನ ಮೇಲೆ ಮೂವರೂ ಆಗಲೇ ಟಿಫಿನ್ ಚೀಲ ಮಡಿಲಿಗಿಟ್ಟು ಎಲೆ ಹಿಡಿದಿದ್ದರು.

"ನಿಲ್ಲಿ, ಇವತ್ತಿಂದ ಹೊಸ ರೂಲ್" ಎಂದು ಚಕ್ರ ಮುಂದೆ ಚಾಚಿದಳು.

ಶ್ರೀಮತಿ ಅದನ್ನು ಕೈಯಿಂದ ಸರಿಸಿದಳು. "ಏನ್ ಹಚ್ಚೀಯವಾ ಮುಂಜಾನಿ ಮುಂಜಾನಿ? ಸೋಮವಾರ ಕರೀ ಹುಂಜಂದು. ಶುಕ್ರವಾರದಿಂದ ಅದನ್ನ ಪರ್ಸಿನ್ಯಾಗ ಇಟಗೊಂಡು ಜೀವಾ ಹಿಡಕೊಂಡು ಕುಂತೀನಿ. ರವಿವಾರ ಪೂಜಾದಾಗೂ ಅದನ್ನ ನೆನಸೀನಿ. ಈಗ ನಿನ್ನ ಚಕ್ರ ತಿರಗಸಿ ಬುಧವಾರ ಮಾಡ್ತೀಯೇನ?"

"ಚೆನ್ನಾಗಿ ನಡೀತಿದೆ ಕಣೇ, ಯಾಕೆ ಕೆಡಿಸ್ತೀಯ?" ಎಂದಳು ಅಲಮೇಲು ಎಲೆಯಿಂದ ಕಣ್ಣೆತ್ತದೆ.

"ಅರೇ, ನನ್ನ ಆಟ ಇದು!" ಪ್ರಫುಲ್ಲಾಳ ದನಿ ಬಾಗಿಲಿನವರೆಗೆ ಕೇಳಿಸಿತು.

ಶಿಂದೆ ಕಾಕೂ ಕನ್ನಡಕ ಸರಿಮಾಡಿಕೊಂಡು ಅವಳನ್ನು ನೋಡಿದರು. "ತುಝಾ ಹೋತಾ ಗ. ಆತಾ ಆಮ್ಚಾ ಆಹೆ." ನಿನ್ನದಾಗಿತ್ತು ಕಣೇ, ಈಗ ನಮ್ಮದು. ಹೇಳಿ ಮತ್ತೆ ಎಲೆಗೆ ತಿರುಗಿದರು.

ಸಿಟ್ಟು ಬಂತು. ಅಳುವೂ ಬಂತು. ಚಕ್ರ ಹಿಡಿದು ನಡುದಾರಿಯಲ್ಲಿ ನಿಂತಳು, ಹಿಂದಿನಿಂದ ಜನ ದಬ್ಬುತ್ತಿದ್ದರು. ಶ್ರೀಮತಿ ತನ್ನ ಕರಿಯದನ್ನು ಮಗುಚಿ ಇಟ್ಟಳು. ಇಟ್ಟು ತುಟಿ ಕಚ್ಚಿದಳು. ಅಲಮೇಲು ಇಡಲೋ ಬೇಡವೋ ಎಂದು ಯೋಚಿಸುತ್ತ ದಿವಾ ದಾಟಿಸಿದಳು, ಮುಂಬ್ರಾ ದಾಟಿಸಿದಳು. ಪ್ರಫುಲ್ಲಾ ಶ್ರೀಮತಿಯ ಮುಖವನ್ನೇ ನೋಡಿದಳು. ಶುಕ್ರವಾರದಿಂದ ಸೋಮವಾರದವರೆಗೆ ಒಂದು ಲಗ್ನಪತ್ರಿಕೆಯ ತುಂಡಿಗಾಗಿ ಕಾದ ಮುಖ. ಆಟವೆಂದರೆ ಆ ಕಾಯುವುದೇ, ಉಳಿದದ್ದೆಲ್ಲ ನೆಪ. ಚಕ್ರ ತಿರುಗಿಸಿದರೆ ಕಾಯುವುದು ಹೋಗುತ್ತದೆ, ಆಮೇಲೆ ಇದು ಯಾವ ಗಡಂಗಿನಲ್ಲೂ ಸಿಗುವ ಜೂಜು. ತಾನೇ ಕಟ್ಟಿದ ಆಟದ ಈ ಗುಟ್ಟು ತನಗೆ ಇಂದು ಗೊತ್ತಾಯಿತಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

"ನನಗೂ ಒಂದು ಕೋಳಿ ಕೊಡಿ" ಎಂದಳು.

"ಆಡ್ತೀಯಾ? ರೂಲ್ ಬಗ್ಗೆ ಬಾಯಿ ಬಿಡೋ ಹಾಗಿಲ್ಲ" ಎಂದಳು ಅಲಮೇಲು. ಹೊಸಬರಿಗೆ ಸತ್ತ ಹುಂಜಗಳಲ್ಲಿ ಒಂದನ್ನು ಕೊಡುವುದೆಂದು ಅವರೇ ಒಂದು ಪದ್ಧತಿ ಮಾಡಿಕೊಂಡಿದ್ದರು, ಇವಳನ್ನು ಕೇಳದೆ. ಕಾಕೂ ಟಿಫಿನ್ ಚೀಲದೊಳಗೆ ಕೈಹಾಕಿ ಒಂದು ತೆಗೆದುಕೊಟ್ಟರು. ಬೂದಿ ಬಣ್ಣದ್ದು. ಇಂದು ಇಟ್ಟರೆ ಸಾವು. ಪ್ರಫುಲ್ಲಾ ಅದನ್ನು ಹಿಡಿದು ನಾಲ್ಕನೇ ಸೀಟಿನ ತುದಿಗೆ ಅರ್ಧ ಊರಿದಳು. ಬೆರಳು ಎಲೆಯನ್ನು ತಿರುತಿರುಗಿಸುತ್ತಿತ್ತು, ಆದರೆ ಎಲೆ ಇಳಿಸಲಿಲ್ಲ.

ಠಾಣೆಯಲ್ಲಿ ಇಳಿದು ಐರೋಲಿಯ ಗಾಡಿಗೆಂದು ಹೋಗುವಾಗ ಸುಮುಖನ ಫೋನು ಬಂತು.

"ಏನ್ರೀ, ಸರಿಹೋಯ್ತಾ? ವಾರದ ವಿಷಯ ಏನಾದ್ರೂ ಮಾಡಿದ್ರಾ? ಸ್ಪಂದನಾ ಐದು ಗಂಟೆಗೆ ಸಿಗ್ತಾರಂತೆ. ಒಂದು ಚಿಕ್ಕ ಬದಲಾವಣೆ ಮಾಡ್ಕೊಂಡು ಬನ್ನಿ, ಸಾಕು. ಅವರಿಗೆ ನಿಜವಾಗ್ಲೂ ಮನಸ್ಸಿದೆ."

ಬದಲಾವಣೆ! ಹುಟ್ಟಿದಂದಿನಿಂದ ಅವಳಿಗೆ ಬರುತ್ತಿದ್ದ ಒಂದೇ ವಿದ್ಯೆ ಅದು. ಚಕ್ರ ಚೀಲದಲ್ಲೇ ಇತ್ತು.

"ಬದಲಿಸುವುದಿಲ್ಲ ಸುಮುಖ. ಆಟ ಪೂರ್ತಿ ಆಗಿದೆ. ಆಡ್ಬೇಕಿದ್ರೆ ಅವರು ಒಂದು ವಾರ ನಮ್ಮ ಡಬ್ಬಿಯಲ್ಲಿ ಬರ್ಲಿ."

"ತಮಾಷೆ ಮಾಡ್ಬೇಡಿ. ಅವರು ಇವತ್ತು ಹೊರಡ್ತಾರೆ. ಪುಸ್ತಕ ಬೇಡ್ವಾ ನಿಮಗೆ?"

"ಬೇಕು" ಎಂದಳು ಪ್ರಫುಲ್ಲಾ. "ತುಂಬ ಬೇಕು ಮಾರಾಯ್ರೇ. ಆದ್ರೆ ಗಾಡಿಯಲ್ಲಿ ಅವರು ಅದನ್ನೇ ಆಡ್ತಾ ಇದ್ದಾರೆ."

ಫೋನು ಇಟ್ಟ ಮೇಲೆ ಪ್ಲಾಟ್‌ಫಾರ್ಮ್ ದಾಟುವ ಸೇತುವೆಯ ಮೇಲೆ, ಜನರ ನೂಕುನುಗ್ಗಲಿನ ನಡುವೆ ನಿಂತು ಚೆನ್ನಾಗಿ ಅತ್ತಳು. ಠಾಣೆ ಸ್ಟೇಷನ್ನಿನಲ್ಲಿ ಯಾರು ಅತ್ತರೂ ಯಾರೂ ನೋಡುವುದಿಲ್ಲ, ಅದೊಂದು ಅನುಕೂಲ. ಕೈತಪ್ಪಿ ಹೋಗುವ ಪುಸ್ತಕಕ್ಕಾಗಿ ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಬೇಕು. ಈಗಲೇ ಫೋನು ಮಾಡಿ ಬರುತ್ತೇನೆ ಎನ್ನಬೇಕೆಂದು ಎರಡು ಸಲ ಕೈ ಹೋಯಿತು. ಎರಡು ಸಲವೂ ಆ ಕೈ ಫೋನಿನ ಬದಲು ಪರ್ಸಿನೊಳಗಿನ ಬೂದಿ ಹುಂಜವನ್ನು ಮುಟ್ಟಿ ನೋಡಿತು. ಶ್ರೀಮತಿಯ ಕೈಯಲ್ಲೂ ಒಂದು ಬೂದಿ ಇರಬಹುದೇ? ಇದ್ದರೆ ಗುರುವಾರ ಅವಳು ಅದನ್ನು ಮೊದಲು ಇಡುತ್ತಾಳೋ, ಕೊನೆಗೆ ಇಡುತ್ತಾಳೋ? ಯಾರನ್ನು ಕೇಳುವುದು, ಕೇಳಿದರೆ ಹೇಳುತ್ತಾರೆಯೇ! ಕಣ್ಣೊರೆಸಿಕೊಂಡು ಮೆಟ್ಟಿಲಿಳಿಯುತ್ತ ಪ್ರಫುಲ್ಲಾ ಗಟ್ಟಿಯಾಗಿಯೇ ಅಂದಳು:

"ಥೂ, ಈ ಗುರುವಾರ ಯಾಕೆ ಇಷ್ಟು ದೂರ!"